ಇಸೊಜಿಯ ಕೊನೆಯ ಸಂಪುಟ ಬಂದ ದಿನ

ನಮ್ಮೂರಿನಲ್ಲಿ ಯಾರದಾದರೂ ಮನೆಯ ಮುಂಬಾಗಿಲು ಹಾರುಹೊಡೆದಿದ್ದರೆ, ಒಳಗೆ ಯಾರೋ ಕಥೆಯೊಂದನ್ನು ಅರ್ಧ ಓದಿ ಇಟ್ಟಿದ್ದಾರೆ ಎಂದೇ ಅರ್ಥ. ಆ ಕಥೆ ಮುಗಿಯುವವರೆಗೆ ಬಾಗಿಲು ಮುಚ್ಚುವುದಿಲ್ಲ. ದೂಡಿದರೆ ಬರುತ್ತದೆ, ಕೈಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಚಿಲಕ ಹಾಕಿದರೆ ಚಿಲಕ ಜಾರುತ್ತದೆ. ಪರವೂರಿನಿಂದ ಬಂದ ಬಡಗಿಗಳು ಮಾತ್ರ ಇದನ್ನು ಒಪ್ಪದೆ ಕದವನ್ನು ಕೆತ್ತುತ್ತಾರೆ, ಮತ್ತೆ ಕೆತ್ತುತ್ತಾರೆ, ಹಲಗೆ ಹಪ್ಪಳದಷ್ಟು ತೆಳ್ಳಗಾದ ಮೇಲೆ ಉಳಿ ಎತ್ತಿಕೊಂಡು ಹೊರಟುಹೋಗುತ್ತಾರೆ.

ಊರಿನವರಾದ ನಾವು ಹೊಂದಿಕೊಂಡಿದ್ದೇವೆ. ಮದುವೆ ನಿಶ್ಚಯವಾದ ಹುಡುಗಿಯರು ಕೈಯಲ್ಲಿದ್ದ ಕಾದಂಬರಿಯನ್ನು ಅರಿಶಿನ ಶಾಸ್ತ್ರದೊಳಗೆ ಮುಗಿಸುತ್ತಾರೆ. ಪ್ರಯಾಣ ಹೊರಟವರು ಕೊನೆಯ ಪುಟದ ಮೇಲೆ ಕಣ್ಣಾಡಿಸಿ ಬ್ಯಾಗು ಎತ್ತಿಕೊಳ್ಳುತ್ತಾರೆ. ಪುರಾಣ ಓದುವವರಿಗೆ ತೊಂದರೆಯಿಲ್ಲ, ಕೊನೆ ಅವರಿಗೆ ಮೊದಲೇ ಗೊತ್ತು. ಚಿನ್ನದಂಗಡಿಯವರ ಮನೆಗಳಲ್ಲಿ ಪಂಚಾಂಗ ಬಿಟ್ಟರೆ ಬೇರೆ ಅಚ್ಚಾದ ಕಾಗದವೇ ಇರುವುದಿಲ್ಲ. ಕಳ್ಳರ ಕಾಟವೂ ಅಷ್ಟಿಲ್ಲ. ತೆರೆದ ಮನೆಗೆ ನುಗ್ಗಿ, ಅಲ್ಲಿ ಬಿದ್ದಿರುವ ಪುಸ್ತಕದ ಮೇಲೆ ಕಣ್ಣು ಹಾಯ್ದು, ತಮ್ಮ ಮನೆಯ ಬಾಗಿಲೂ ತೆರೆದುಕೊಂಡೀತು ಎಂದು ಅವರಿಗೂ ಭಯ. ಗಂಡು ನೋಡಲು ಬಂದವರು ಜಾತಕಕ್ಕಿಂತ ಮೊದಲು ಬಾಗಿಲು ನೋಡುತ್ತಾರೆ. ನನ್ನನ್ನು ನೋಡಲು ಬಂದವರೆಲ್ಲ ಬಾಗಿಲು ನೋಡಿ, ಕೊಟ್ಟ ಕಾಫಿ ಕುಡಿದು, ಹೊಸ್ತಿಲಿನಿಂದಲೇ ಕೈಮುಗಿದು ಹೋದರು.

ನಾನು ನೀರು ಸರಬರಾಜು ಕಚೇರಿಯ ಗುಮಾಸ್ತ ಮುಕುಂದ. ತಲೆಯ ಮುಂಭಾಗ ಬೋಳಾಗಿದೆ, ಓದುವ ಕನ್ನಡಕ ಬಂದಿದೆ. ಈ ವಯಸ್ಸಿನಲ್ಲಿ ಗಂಡಸರು ಜಾಗ ಕೊಳ್ಳುತ್ತಾರೆ, ಮಕ್ಕಳ ಶಾಲೆಯ ಬಗ್ಗೆ ಜಗಳವಾಡುತ್ತಾರೆ. ನಾನು ‘ಒಂಟಿಗೈ ಇಸೊಜಿ’ ಓದುತ್ತೇನೆ. ಅದು ಕಡಲಾಚೆಯಿಂದ ಬರುವ ಚಿತ್ರಕಥೆ, ಮಾಂಗಾ ಅನ್ನುತ್ತಾರೆ. ಆ ಹೆಸರನ್ನು ನಮ್ಮ ಬೀದಿಯವರು ಹೇಗೆ ತಿರುಚಿ ನನ್ನನ್ನು ಕರೆಯುತ್ತಾರೆಂದು ಹೇಳಬೇಕಾಗಿಲ್ಲ. ಇಸೊಜಿಗೆ ಒಂದೇ ಕೈ. ದೊಡ್ಡ ಹೊಳೆಯೊಂದರಲ್ಲಿ ದೋಣಿ ನಡೆಸುತ್ತಾನೆ, ಹತ್ತಿದವರನ್ನು ಯಾರೆಂದು ಕೇಳದೆ ದಾಟಿಸುತ್ತಾನೆ. ಕಥೆ ಅಷ್ಟೇ. ಅಷ್ಟಕ್ಕೇ ನಾನು ಬಿದ್ದೆ. ಈ ಪುಸ್ತಕಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅದೇ ಅಭ್ಯಾಸವಾಗಿ ಕಚೇರಿಯ ಕಡತಗಳನ್ನೂ ಹಿಂದಿನಿಂದ ತೆರೆಯತೊಡಗಿ, ದೂರು ಬರುವ ಮೊದಲೇ ನಲ್ಲಿ ರಿಪೇರಿಗೆ ಆದೇಶ ಹೊರಡಿಸಿ ಒಮ್ಮೆ ಹೊಗಳಿಸಿಕೊಂಡಿದ್ದೂ ಇದೆ.

ಪುಸ್ತಕ ತರಿಸುತ್ತಿದ್ದವರು ಹಡಗುಕಟ್ಟೆಯ ಹಮೀದಣ್ಣ. ಹಡಗು ಬಂದಾಗ ಸಂಪುಟವೊಂದು ಬರುತ್ತಿತ್ತು, ನಾವು ಅಭಿಮಾನಿಗಳು ಅಂಗಡಿಯ ಮುಂದೆ ಜಮಾಯಿಸುತ್ತಿದ್ದೆವು. ಇಪ್ಪತ್ತೆರಡನೆಯ ಸಂಪುಟದ ಕೊನೆಗೆ ನಡುಹೊಳೆಯಲ್ಲಿ ದೋಣಿ ನಿಂತಿದೆ. ಮುಸುಕು ಹಾಕಿಕೊಂಡ ಹೆಂಗಸೊಬ್ಬಳು ಮುಸುಕಿನ ಅಂಚಿಗೆ ಕೈ ಹಾಕಿದ್ದಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು. ಅವಳು ಇಸೊಜಿಯ ಕಳೆದುಹೋದ ತಾಯಿ ಎಂದು ನಾನು ಹೇಳಿದೆ. ಅವನ ಕೈ ಕಡಿದವಳೇ ಅವಳು ಎಂದು ಬೇಕರಿಯ ಬೆನ್ನಿ ಪಿಂಟೊ ಹೇಳಿದ. ಮಾತಿಗೆ ಮಾತು ಬೆಳೆಯಿತು. ನೀವು ಬ್ರೆಡ್ಡು ಸುಡುವವರು, ನಿಮಗೆ ತಾಯಿಯ ಮುಖ ಹೇಗೆ ಗೊತ್ತಾಗಬೇಕು ಎಂದುಬಿಟ್ಟೆ. ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ, ಅವನ ಬೇಕರಿಯ ಬನ್ನು ನನ್ನ ಬಾಯಿಗೂ ಇಲ್ಲ. ಅಭಿಮಾನಿಗಳೂ ತಾಯಿ ಪಕ್ಷ, ಕೊಡಲಿ ಪಕ್ಷ ಎಂದು ಒಡೆದುಹೋದರು. ತಾಯಿ ಪಕ್ಷಕ್ಕೆ ನಾನೇ ಅಧ್ಯಕ್ಷನಾದೆ. ಬೇರೆ ಯಾರೂ ಮುಂದೆ ಬರಲಿಲ್ಲ.

ಮುಂದಿನ ಸಂಪುಟ ಬರಲಿಲ್ಲ. ಚಿತ್ರ ಬರೆಯುವ ಮಹಾಶಯನ ಮಣಿಕಟ್ಟು ನೋವು, ವಿರಾಮ ಎಂದು ಹಮೀದಣ್ಣ ಅಂಗಡಿಯ ಹೊರಗೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ನಮ್ಮೂರಿನಲ್ಲಿ ಮಣಿಕಟ್ಟು ನೋವಿಗೆ ಎಣ್ಣೆ ಉಂಟು. ಎರಡೂ ಪಕ್ಷದವರು ಸೇರಿ ಔಷಧದ ಎಣ್ಣೆ ಕಾಯಿಸಿ, ಡಬ್ಬಿಗೆ ತುಂಬಿ, ಬೆಸುಗೆ ಹಾಕಿಸಿ ಹಡಗಿನಲ್ಲಿ ಕಳಿಸಿದೆವು. ಹೇಗೆ ಹಚ್ಚಬೇಕೆಂದು ಬರೆಯಲು ಮಾತ್ರ ಮರೆತೆವು. ಬಹಳ ಕಾಲದ ಮೇಲೆ ಧನ್ಯವಾದದ ಕಾರ್ಡು ಬಂತು: ನಿಮ್ಮೂರ ಎಣ್ಣೆಯಲ್ಲಿ ಸಿಗಡಿ ಕರಿದು ತಿಂದೆವು, ವಿಶಿಷ್ಟ ರುಚಿ, ಲೇಖಕರು ಹೊಟ್ಟೆಯ ತೊಂದರೆಯಿಂದ ಇನ್ನಷ್ಟು ದಿನ ವಿಶ್ರಾಂತಿಯಲ್ಲಿದ್ದಾರೆ. ಆ ಕಾರ್ಡನ್ನು ಹಮೀದಣ್ಣ ಯಾರಿಗೂ ತೋರಿಸದೆ ಎತ್ತಿಟ್ಟರು, ಆದರೆ ಊರಿಗೆಲ್ಲ ಗೊತ್ತಾಯಿತು.

ಆಮೇಲೆ ಒಂದರ ಹಿಂದೆ ಒಂದು. ಇಸೊಜಿ ಅಚ್ಚಾಗುತ್ತಿದ್ದ ಪತ್ರಿಕೆ ಮುಚ್ಚಿತು. ಪುಸ್ತಕ ಮಾಡುವ ಕಂಪನಿಗೂ ಅದನ್ನು ನಮ್ಮ ಭಾಷೆಗೆ ತರುವ ಕಂಪನಿಗೂ ಹಕ್ಕಿನ ವಿಷಯದಲ್ಲಿ ಜಗಳ ಹತ್ತಿತು. ಅಚ್ಚಾದ ಹಾಳೆಗಳು ಯಾವುದೋ ಗೋದಾಮಿನಲ್ಲಿ ಸಿಕ್ಕಿಕೊಂಡವು. ನನ್ನದೇ ಕಚೇರಿಯಲ್ಲಿ ಬಡ್ತಿ ಯಾವಾಗ ಎಂದು ತಿಳಿಯದ ನಾನು ಕಡಲಾಚೆಯ ಕಾಗದದ ಅಭಾವ, ಅಲ್ಲಿನ ವಕೀಲರ ಸ್ವಭಾವ, ಗೋದಾಮಿನ ತೇವ ಇವುಗಳ ಬಗ್ಗೆ ಯಾರು ಕೇಳಲಿ ಬಿಡಲಿ ಉಪನ್ಯಾಸ ಕೊಡುತ್ತಿದ್ದೆ. ನನ್ನ ಮನೆಯ ಬಾಗಿಲು ತೆರೆದೇ ಇತ್ತು. ಪರದೆ ಕಟ್ಟಿದ್ದೆ. ಬೀದಿಯ ನಾಯಿ ಬಂದು ಮಲಗಿ ಹೋಗುತ್ತಿತ್ತು. ಇದೆಲ್ಲ ನಡೆದೀತು ಅಂದುಕೊಂಡಿದ್ದೆ.

ಪದ್ದತ್ತೆಗೆ ಮರೆವು ಶುರುವಾದದ್ದು ಆಗ. ನಮ್ಮಪ್ಪನ ತಂಗಿ ಅವಳು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ತನಗೆ ಬಂದ ಸಂಬಂಧಗಳನ್ನು ನನ್ನ ಸಲುವಾಗಿ ಬಿಟ್ಟವಳು. ಮೊದಲು ಸಾರಿಗೆ ಉಪ್ಪು ಎರಡು ಸಲ ಬಿತ್ತು. ಆಮೇಲೆ ಉಪ್ಪೇ ಬೀಳಲಿಲ್ಲ. ಒಂದು ಬೆಳಿಗ್ಗೆ ನನ್ನನ್ನೇ ನೋಡಿ, “ನೀವು ನೀರಿನ ಆಫೀಸಿನವರಲ್ವೇ? ನಮ್ಮ ಮುಕುಂದ ಸ್ಕೂಲಿಗೆ ಹೋಗಿದಾನೆ, ಕೂತ್ಕೊಳ್ಳಿ” ಅಂದಳು. ನಾನು ಕೂತೆ. ಅವಳು ನನಗೆ ಕಾಫಿ ಕೊಟ್ಟಳು.

ಅಲ್ಲಿಂದ ಅವಳು ಎದ್ದು ಹೋಗುವುದು ಶುರುವಾಯಿತು. ಸ್ಕೂಲಿನಿಂದ ನನ್ನನ್ನು ಕರೆತರಲು. ಎದುರಿಗೆ ಬಾಗಿಲು ಹಾರುಹೊಡೆದಿದ್ದರೆ ಯಾರು ತಾನೇ ಹೋಗುವುದಿಲ್ಲ? ಒಮ್ಮೆ ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕಳು. ಇನ್ನೊಮ್ಮೆ ಹಡಗುಕಟ್ಟೆಯ ಮೆಟ್ಟಿಲಿನ ಮೇಲೆ, ನೀರಿಗೆ ತೀರಾ ಹತ್ತಿರ ಕೂತಿದ್ದಳು. ಕಬ್ಬಿಣದ ಗೇಟು ಹಾಕಿಸಿದೆ. ಅದೂ ಮುಚ್ಚಲಿಲ್ಲ. ಅಡ್ಡ ಮಂಚವಿಟ್ಟೆ. “ಯಾರಪ್ಪ ಇದು, ದಾರೀಲಿ ಮಂಚ ಇಟ್ಟಿರೋರು” ಎಂದು ಬೈದುಕೊಂಡು ಹತ್ತಿ ದಾಟಿದಳು. ನಾನು ಕಚೇರಿಗೆ ಹೋದಾಗ ಎದುರುಮನೆಯ ಕುಸುಮಕ್ಕ ನೋಡಿಕೊಳ್ಳುತ್ತಿದ್ದರು. ಕುಸುಮಕ್ಕ ಏನನ್ನೂ ಓದುವುದಿಲ್ಲ. ಅವರ ಮನೆಯ ಬಾಗಿಲು ಬೀರುವಿನ ಬಾಗಿಲಿನಂತೆ ಗಟ್ಟಿಯಾಗಿ ಮುಚ್ಚುತ್ತದೆ. ಅಲ್ಲಿ ಕೂರಿಸಿದರೆ ಅತ್ತೆ ಕದ ಬಡಿಯುತ್ತಿದ್ದಳು, ಹಾಗಾಗಿ ಅವರೇ ನಮ್ಮ ಮನೆಗೆ ಬರುತ್ತಿದ್ದರು.

“ನೋಡು ಮುಕುಂದ,” ಅಂದರು ಕುಸುಮಕ್ಕ ಒಂದು ಸಂಜೆ. “ಮನಸಾರೆ ಬಿಟ್ಟುಬಿಟ್ರೆ ಮುಚ್ಕೊಳ್ಳುತ್ತೆ. ನಮ್ಮ ಭಾವ ಒಂದು ಪತ್ತೇದಾರಿ ಕಾದಂಬರೀನ ಬೇಜಾರಾಗಿ ಬಿಟ್ರು, ಅವತ್ತೇ ಬಾಗಿಲು ಮುಚ್ಚಿತು. ಒಂದು ಗೊಂಬೆ ಪುಸ್ತಕ ಕಣೋ. ಅತ್ತೆಗಿಂತ ಹೆಚ್ಚೇನೋ ಅದು?”

“ಛೆ, ಎಂಥ ಮಾತು ಕುಸುಮಕ್ಕ. ಈಗಲೇ ಬಿಟ್ಟೆ,” ಅಂದೆ.

ಸುಮ್ಮನೆ ಬಿಟ್ಟಿದ್ದರೆ ಆಗುತ್ತಿತ್ತು. ನನಗೆ ಅದನ್ನು ನಾಲ್ಕು ಜನರ ಮುಂದೆ ಬಿಡಬೇಕು ಅನ್ನಿಸಿತು. ಭಾನುವಾರ ಬೆಳಿಗ್ಗೆ ಇಸೊಜಿಯ ಅಷ್ಟೂ ಸಂಪುಟಗಳನ್ನು ಜಗಲಿಯ ಮೇಲೆ ಜೋಡಿಸಿದೆ. ಬೀದಿಯವರು ಸೇರಿದರು. ನನ್ನನ್ನು ಸಾಕಿದ ಅತ್ತೆಗಾಗಿ ಈ ಹುಚ್ಚನ್ನು ತ್ಯಜಿಸುತ್ತಿದ್ದೇನೆ ಎಂದು ಹೇಳಿದೆ. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಪುಸ್ತಕಗಳನ್ನು ಕೈಗಾಡಿಗೆ ಹೇರಿ ಹಮೀದಣ್ಣನ ಅಂಗಡಿಗೆ ಕಳಿಸಿ, ತಿರುಗಿ, ಎಲ್ಲರೆದುರು ಬಾಗಿಲನ್ನು ಎಳೆದೆ. ಬಂತು. ಕೈಬಿಟ್ಟೆ. ಕದ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಹಿಂದಕ್ಕೆ ಹೋಗಿ ಗೋಡೆಗೆ ತಾಗಿ ನಿಂತಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕುಸುಮಕ್ಕ ಸೆರಗು ಸರಿಮಾಡಿಕೊಂಡು, “ಒಲೆ ಮೇಲೆ ಅನ್ನ ಇಟ್ಟಿದೀನಿ” ಎಂದು ಒಳಗೆ ಹೋದರು. ಮಿಕ್ಕವರಿಗೂ ಏನೇನೋ ಕೆಲಸ ನೆನಪಾಯಿತು. ಬಾಯಲ್ಲಿ ಏನೇ ಹೇಳಿದರೂ ಒಳಗೆ ಆ ಹೆಂಗಸು ಇನ್ನೂ ಮುಸುಕಿಗೆ ಕೈ ಹಾಕಿಕೊಂಡು ಕೂತಿದ್ದಳು, ನಾನು ಅವಳ ಮುಖ ಕಾಣಲು ಇಣುಕುತ್ತಲೇ ಇದ್ದೆ. ಅತ್ತೆಗಿಂತ ಅದೇ ಹೆಚ್ಚು ಎಂದು ನನ್ನ ಮನೆಯ ಬಾಗಿಲೇ ಇಡೀ ಬೀದಿಗೆ ಹೇಳಿಬಿಟ್ಟಿತು. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಮಾರನೆಯ ದಿನ ಹಮೀದಣ್ಣನ ಅಂಗಡಿಗೆ ಹೋಗಿ ಪುಸ್ತಕಗಳನ್ನು ವಾಪಸ್ಸು ತಂದೆ. ಅವರು ಅವುಗಳನ್ನು ಮಾರದೆ ಒಂದು ಕಡೆ ಇಟ್ಟಿದ್ದರು. “ಬರ್ತೀರಿ ಅಂತ ಗೊತ್ತಿತ್ತು ಸ್ವಾಮಿ,” ಅಂದರು.

ಕೊನೆಗೆ ನಾನೇ ಕಥೆ ಮುಗಿಸಲು ಹೊರಟೆ. ಸಂಜೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಮುಸುಕು ಸರಿಸಿದಳು, ನೋಡಿದರೆ ಇಸೊಜಿಯ ತಾಯಿ, ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ಹೇಳಿದೆ. ಬಾಗಿಲು ಅಲುಗಲಿಲ್ಲ. ಅತ್ತೆ ಮಾತ್ರ, “ತಬ್ಬಿಕೊಂಡ್ರೆ ದೋಣಿ ಹುಟ್ಟು ಯಾರು ಹಾಕ್ತಾರೆ? ಇರೋದೇ ಒಂದು ಕೈ” ಅಂದಳು. ತಾಯಿ ಪಕ್ಷದ ಅಧ್ಯಕ್ಷನಾದ ನನಗೆ ಇಷ್ಟು ದಿನ ಇದು ಹೊಳೆದಿರಲಿಲ್ಲ.

ಹೀಗಿರುವಾಗ ಹಮೀದಣ್ಣನ ಹಲಗೆಯ ಮೇಲೆ ಹೊಸ ಸುದ್ದಿ ಬಂತು. ಜಗಳ ರಾಜಿಯಾಗಿದೆ, ಬೇರೊಂದು ಸಣ್ಣ ಕಂಪನಿ ಇಸೊಜಿಯನ್ನು ತೆಗೆದುಕೊಂಡಿದೆ, ಇಪ್ಪತ್ಮೂರನೆಯದೇ ಕೊನೆಯ ಸಂಪುಟ, ಶುಕ್ರವಾರದ ಹಡಗಿಗೆ ಬರುತ್ತದೆ. ಪ್ರತಿಗಳು ಕಡಿಮೆ. ಬೀದಿಯೇ ಸಂಭ್ರಮಪಟ್ಟಿತು. ಕುಸುಮಕ್ಕ ನನಗಿಂತ ಹೆಚ್ಚು ಖುಷಿಪಟ್ಟರು. “ಹೋಗಿ ತಗೊಂಡು ಬಾ, ಅಲ್ಲೇ ನಿಂತು ಓದ್ಬೇಡ, ಮನೇಲಿ ಓದು. ಬಾಗಿಲು ಮುಚ್ಚೋದನ್ನ ನಾನು ನೋಡ್ಬೇಕು,” ಅಂದರು. ಕಚೇರಿಗೆ ರಜೆ ಹಾಕಿದೆ. ಕಾರಣ: ಮನೆಯ ದುರಸ್ತಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅತ್ತೆಯನ್ನು ಕುಸುಮಕ್ಕನಿಗೆ ಒಪ್ಪಿಸಿ ಕಟ್ಟೆಗೆ ಹೋದೆ. ಊರಿನ ಅಭಿಮಾನಿಗಳೆಲ್ಲ ಅಲ್ಲಿದ್ದರು, ಸಾಲು ಉಪ್ಪಿನ ಗೋದಾಮಿನವರೆಗೆ ಬೆಳೆದಿತ್ತು. ಪಿಂಟೊ ಮಾತ್ರ ಕಾಣಲಿಲ್ಲ. ಸೋಲುತ್ತೇನೆಂದು ಗೊತ್ತಾಗಿ ತಪ್ಪಿಸಿಕೊಂಡಿದ್ದಾನೆ ಎಂದು ಮುಂದಿದ್ದವರಿಗೂ ಹಿಂದಿದ್ದವರಿಗೂ ಹೇಳಿದೆ. ಬಹಳ ಹೊತ್ತಿನ ಮೇಲೆ ನನ್ನ ಸರದಿ ಬಂತು. ಹಮೀದಣ್ಣ ಎರಡೂ ಕೈಯಿಂದ ಪುಸ್ತಕ ಕೊಟ್ಟರು. ಹೊಸ ಕಂಪನಿಯ ಕಾಗದ ತೆಳ್ಳಗಿತ್ತು, ಅಚ್ಚು ಒಂದಿಷ್ಟು ಮಸುಕಾಗಿತ್ತು, ಆದರೂ ಅದೇ ವಾಸನೆ. ಮನೆಯಲ್ಲೇ ಓದಬೇಕೆಂದು ಕುಸುಮಕ್ಕ ಹೇಳಿದ್ದು ನೆನಪಿತ್ತು. ಮೊದಲ ಪುಟ ಮಾತ್ರ ನೋಡೋಣ ಎಂದು ಬಲಗಡೆಯಿಂದ ರಟ್ಟು ಎತ್ತಿದೆ.

“ಮುಕುಂದಾ!” ಕುಸುಮಕ್ಕ ಬರಿಗಾಲಲ್ಲಿ ಓಡಿ ಬರುತ್ತಿದ್ದರು. “ಬೆಳಿಗ್ಗೆ ಹಾಲು ಉಕ್ತಾ ಇತ್ತು ಕಣೋ, ಆರಿಸಿ ಬರೋಷ್ಟರಲ್ಲಿ ಇಲ್ಲ. ಆಗಿನಿಂದ ನಮ್ಮ ಸುತ್ತಿನ ಬೀದಿ ಎಲ್ಲ ಹುಡುಕ್ದೆ. ಅತ್ತೆ ಇಲ್ಲ.”

ಪುಸ್ತಕವನ್ನು ಏನು ಮಾಡಿದೆನೆಂದು ನನಗೆ ಗೊತ್ತಿಲ್ಲ. ಕಟ್ಟೆಯ ಮೆಟ್ಟಿಲಿಗೆ ಓಡಿದೆ. ನೀರು ಏರಿತ್ತು. ಕೆಳಗಿನ ಮೆಟ್ಟಿಲುಗಳು ಮುಳುಗಿದ್ದವು. ಬಗ್ಗಿ ನೋಡಿದೆ, ಹೆಸರು ಹಿಡಿದು ಕೂಗಿದೆ. ದೋಣಿಯವರನ್ನು ಕೇಳಿದೆ. ಮೀನು ಮಾರ್ಕೆಟ್ಟಿಗೆ ಹೋದೆ, ನಾನು ಓದಿದ ಸ್ಕೂಲಿಗೆ ಹೋದೆ. ಅಲ್ಲಿಯ ಜವಾನ, “ಬೆಳಿಗ್ಗೆ ಬಂದಿದ್ರು ಸಾರ್, ಮುಕುಂದ ಎಲ್ಲಿ ಅಂದ್ರು, ಮನೆಗೆ ಹೋದ ಅಂದೆ” ಅಂದ. ಮನೆಗೆ ಎಂದರೆ ಅವಳಿಗೆ ಯಾವ ಮನೆ? ಸ್ಕೂಲಿನ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಜವಾನ ನೀರು ತಂದುಕೊಟ್ಟ.

ಕುಡಿಯುತ್ತಿದ್ದಾಗ ಹೊಳೆಯಿತು. ಮನೆ ಎಂದರೆ ಪದ್ದತ್ತೆಗೆ ಈಗ ಹಾರುಹೊಡೆದ ಬಾಗಿಲು. ಅಂಥ ಬಾಗಿಲುಗಳು ಊರಿನಲ್ಲಿ ಯಾರ ಯಾರವು ಎಂದು ಅಧ್ಯಕ್ಷನಾದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಕೂಲಿನ ಹಿಂದಿನ ಬೀದಿಯಿಂದ ಶುರುಮಾಡಿದೆ. ಮೊದಲ ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಕಟ್ಟೆಯ ಸಾಲಿನಲ್ಲಿ. ಆದರೆ ಹಗ್ಗದ ಮೇಲಿದ್ದ ಬಟ್ಟೆಗಳೆಲ್ಲ ಮಡಿಕೆಯಾಗಿ ಕುರ್ಚಿಯ ಮೇಲೆ ಕೂತಿದ್ದವು. ಅಂಗಿಯ ತೋಳನ್ನು ಒಳಗೆ ಸೇರಿಸಿ ನಾಲ್ಕು ಮೂಲೆ ಸಮ ಮಾಡುವ ಮಡಿಕೆ ಪದ್ದತ್ತೆಯದು. ಎರಡನೆಯ ಮನೆಯಲ್ಲಿ ಪಾತ್ರೆ ತೊಳೆದು ಬೋರಲು ಹಾಕಿತ್ತು. ಇನ್ನೊಂದರಲ್ಲಿ ದೇವರ ಮುಂದೆ ದೀಪ ಹಚ್ಚಿತ್ತು, ಅದು ಇನ್ನೂ ಉರಿಯುತ್ತಿತ್ತು. ನಮ್ಮ ಪಕ್ಷ, ಅವರ ಪಕ್ಷ ಎಂದು ನೋಡದೆ ಎಲ್ಲರ ಮನೆಗೂ ಹೋಗಿ ಅವಳು ಕೆಲಸ ಮಾಡಿ ಮುಂದೆ ಹೋಗಿದ್ದಳು. ನಾನು ಹಿಂದೆ ಹಿಂದೆ ಓಡಿದೆ.

ಕಡೆಯ ತೆರೆದ ಬಾಗಿಲು ಬೇಕರಿಯ ಹಿಂದಿನ ಪಿಂಟೊನ ಮನೆಯದು. ಒಳಗೆ ಮೇಜಿನ ಮುಂದೆ ಅತ್ತೆ ಕೂತಿದ್ದಳು. ಪಿಂಟೊ ಹೊಸ್ತಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು, ಬನ್ನು ಮುರಿದು ಚಹಾದಲ್ಲಿ ಅದ್ದಿ ಅವಳಿಗೆ ಕೊಡುತ್ತಿದ್ದ. ಕಟ್ಟೆಗೆ ಹೋಗಲೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

“ಬೆಳಿಗ್ಗೆ ಹೊರಡ್ತಾ ಇದ್ದೆ, ಬಂದ್ಬಿಟ್ರು,” ಅಂದ ಪಿಂಟೊ, ನನ್ನ ಕಡೆ ನೋಡದೆ. “ಮುಕುಂದ ಸ್ಕೂಲಿಂದ ಬರೋವರ್ಗೂ ಕೂತಿರ್ತೀನಿ ಅಂದ್ರು. ಬಾಗಿಲು ಮುಚ್ಚಲ್ಲ, ನಿಮಗೇ ಗೊತ್ತು. ಬಿಟ್ಟು ಹೋಗೋದು ಹ್ಯಾಗೆ? ಕೆಲಸದವನನ್ನ ನಿಮ್ಮ ಮನೆಗೆ ಕಳಿಸ್ದೆ, ಯಾರೂ ಇಲ್ಲ ಅಂದ.”

ಇವನು ತಪ್ಪಿಸಿಕೊಂಡಿದ್ದಾನೆ ಎಂದು ಊರಿಗೆಲ್ಲ ಹೇಳುತ್ತಿದ್ದ ಹೊತ್ತಿನಲ್ಲಿ ಇವನು ನನ್ನ ಅತ್ತೆಯನ್ನು ಕಾಯುತ್ತಾ ಕೂತಿದ್ದ. “ಪಿಂಟೊ ಅವರೇ, ನಾನು ಕತ್ತೆ,” ಅಂದೆ.

“ಅದು ಹಳೇ ವಿಷಯ ಬಿಡಿ,” ಅಂದ. ಆಮೇಲೆ ತಡೆಯಲಾರದೆ ಕೇಳಿದ: “ಯಾರ್ರೀ ಅವಳು?”

“ನೋಡ್ಲಿಲ್ಲ.”

“ಪುಸ್ತಕ ಸಿಕ್ಲಿಲ್ವ?”

“ಸಿಕ್ಕಿತ್ತು. ಎಲ್ಲೋ ಬಿಟ್ಟೆ.”

ಪಿಂಟೊ ನನ್ನ ಮುಖವನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ಇನ್ನೊಂದು ಬನ್ನು ತಂದು ನನ್ನ ಕೈಗಿಟ್ಟ. ತಿಂದೆ. ಬಹಳ ಚೆನ್ನಾಗಿತ್ತು. ಪ್ರತಿಗಳು ಖಾಲಿಯಾಗಿರುತ್ತವೆ, ಇನ್ನು ಮುಂದಿನ ಹಡಗಿಗೇ ಎಂದು ಅವನೇ ನನಗೆ ಸಮಾಧಾನ ಹೇಳಿದ.

ಅತ್ತೆಯ ಕೈಹಿಡಿದು ಮನೆಗೆ ಬಂದೆ. ನಮ್ಮ ಮನೆಯ ಮುಂದೆ ಬೀದಿಯ ಜನ ನಿಂತಿದ್ದರು. ಬಾಗಿಲು ಮುಚ್ಚಿತ್ತು. ಚೌಕಟ್ಟಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕದ ಕೂತಿತ್ತು. ನಮ್ಮ ಬಾಗಿಲಿನ ಹೊರಮೈಗೆ ಯಾವ ಬಣ್ಣ ಹೊಡೆದಿದ್ದೆವೆಂದು ನನಗೆ ಮರೆತೇ ಹೋಗಿತ್ತು. ನೀಲಿ.

“ನಿನ್ನನ್ನ ಕರ್ಯೋಕೆ ಬಂದು ವಾಪಸ್ ಬರ್ತೀನಿ, ಹೀಗೆ ಮುಚ್ಕೊಂಡಿದೆ,” ಅಂದರು ಕುಸುಮಕ್ಕ. ಅತ್ತೆ ಸಿಕ್ಕಿದ ನಿರಾಳ ಅವರ ಮುಖದಲ್ಲಿ ಒಂದು ಗಳಿಗೆ ಇತ್ತು. ಆಮೇಲೆ ಆ ಮುಖ ಗಂಟಿಕ್ಕಿತು. “ಅತ್ತೆ ಇಲ್ಲ ಅಂತ ನಾನು ಬಡ್ಕೊಂಡ ಮೇಲೂ ಅಲ್ಲೇ ನಿಂತು ಓದಿ ಮುಗಿಸಿದ್ಯಲ್ಲೋ.”

“ಇಲ್ಲ ಕುಸುಮಕ್ಕ. ಒಂದು ಪುಟಾನೂ ಓದ್ಲಿಲ್ಲ, ಅಲ್ಲೇ ಬಿಟ್ಟು ಓಡ್ದೆ. ದೇವರಾಣೆ.”

ಅವರು ಬಾಗಿಲನ್ನು ನೋಡಿದರು. ಬೀದಿಯವರೂ ಬಾಗಿಲನ್ನು ನೋಡಿದರು. ಬಾಗಿಲು ಸುಳ್ಳು ಹೇಳುವುದಿಲ್ಲವೆಂದು ಅವರಿಗೆ ಗೊತ್ತು. ನಾನು ಹೇಳುತ್ತೇನೆಂದೂ ಗೊತ್ತು. ಒಬ್ಬೊಬ್ಬರಾಗಿ ಹೋದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಜನ್ಮದಲ್ಲಿ ಒಮ್ಮೆ ಮನುಷ್ಯನ ಹಾಗೆ ನಡೆದುಕೊಂಡಿದ್ದೆ, ಅದಕ್ಕೆ ಸಾಕ್ಷಿ ನನ್ನ ವಿರುದ್ಧವೇ ನಿಂತಿತ್ತು. ಪರವಾಗಿಲ್ಲ ಅನ್ನಿಸಿತು. ನಿಜಕ್ಕೂ ಪರವಾಗಿಲ್ಲ ಅನ್ನಿಸಿತು.

ಚಿಲಕ ಒಳಗಿನಿಂದ ಬಿದ್ದಿತ್ತು. ತಟ್ಟಿದರೆ ತೆಗೆಯುವವರು ಯಾರೂ ಒಳಗಿರಲಿಲ್ಲ. ಜಗಲಿಯ ಮೇಲೆ ಅತ್ತೆಯನ್ನು ಕೂರಿಸಿ ಬಡಗಿಯನ್ನು ಕರೆಯಲು ಎದ್ದೆ. ಅವಳು ನೀಲಿ ಕದವನ್ನು ಬಹಳ ಹೊತ್ತು ದಿಟ್ಟಿಸಿದಳು.

“ಯಾರದ್ದಪ್ಪ ಈ ಮನೆ?” ಅಂದಳು.

“ನಮ್ಮದೇ ಅತ್ತೆ.”

“ನಮ್ಮನೆ ಬಾಗಿಲು ಹೀಗೆ ಮುಚ್ಚಿರಲ್ಲ. ನಮ್ಮ ಮುಕುಂದ ಬರ್ತಾನೆ ಅಂತ ತೆಗೆದೇ ಇಟ್ಟಿರ್ತೀನಿ.” ಎದ್ದು ಸೆರಗು ಕೊಡವಿ ನನ್ನ ಕೈಹಿಡಿದಳು. “ಬನ್ನಿ, ತೋರಿಸ್ತೀನಿ. ಇಲ್ಲೇ ಬೇಕರಿ ಹಿಂದೆ.”

ಅವಳು ಮುಂದೆ, ನಾನು ಹಿಂದೆ, ಬೀದಿ ದಾಟಿದೆವು. ಪಿಂಟೊ ಕೊನೆಯ ಸಂಪುಟ ಓದಿ ಮುಗಿಸಿದ ದಿನ ಆ ಬಾಗಿಲೂ ಮುಚ್ಚುತ್ತದೆ. ಅಷ್ಟು ವರ್ಷ ಕಡಲಾಚೆಯ ಕಂಪನಿಗಳಿಗೆ ಹಿಡಿಶಾಪ ಹಾಕಿದವನು ಅವತ್ತು ಮೊದಲ ಬಾರಿಗೆ ಅವರು ತಡಮಾಡಲಿ ಎಂದು ಬೇಡಿಕೊಂಡೆ. ಆ ಸಣ್ಣ ಕಂಪನಿಯ ಯಂತ್ರ ಕೆಡಲಿ, ವಕೀಲರು ಮತ್ತೆ ಕಿತ್ತಾಡಲಿ, ಹಾಳೆಗಳು ಗೋದಾಮಿನಲ್ಲಿ ಒದ್ದೆಯಾಗಲಿ, ಪಿಂಟೊನ ಪ್ರತಿ ಬರುವ ಹಡಗು ದಾರಿ ತಪ್ಪಲಿ. ನನ್ನ ಅತ್ತೆ ಇರುವಷ್ಟು ದಿನ ತಪ್ಪುತ್ತಲೇ ಇರಲಿ.